ಕೇಪ್ ಮೇ ಭೂಶಿರದ ಹಕ್ಕಿಹಬ್ಬ

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಭೂಪಟವನ್ನು ಬಿಡಿಸಿ, ಪೂರ್ವ ಕರಾವಳಿಯುದ್ದಕ್ಕೂ ಬೆರಳಾಡಿಸುತ್ತ ಬಂದರೆ, ನ್ಯೂಯಾರ್ಕ್ ನಗರದ ದಕ್ಷಿಣಕ್ಕೆ ನ್ಯೂಜೆರ್ಸಿ ಎಂಬ ಚಿಕ್ಕ ರಾಜ್ಯ ಕಾಣುವುದು. ಅದರ ದಕ್ಷಿಣ ಭಾಗವು ಬರಬರುತ್ತ ಕಿರಿದಾಗಿ, ಕೊನೆಗೆ ಮೊನೆಯಂತೆ ಸಮುದ್ರದೊಳಕ್ಕೆ ಚಾಚಿಕೊಂಡಿದೆ. ಒಂದು ಮಗ್ಗುಲಿಗೆ ಅಟ್ಲಾಂಟಿಕ್ ಮಹಾಸಾಗರ, ಇನ್ನೊಂದು ಮಗ್ಗುಲಿಗೆ ಡೆಲಾವೇರ್ ಕೊಲ್ಲಿ. ಈ ಮೊನೆಯ ಹೆಸರು ಕೇಪ್ ಮೇ.

ಬೇಸಗೆಯಲ್ಲಿ ಇದು ಸಮುದ್ರಸ್ನಾನಕ್ಕೆ ಹೆಸರಾದ ಊರು. ಶರತ್ಕಾಲ ಬಂದು ನೀರು ತಣ್ಣಗಾದೊಡನೆ ಸ್ನಾನಾರ್ಥಿಗಳು ಹೊರಟುಹೋಗುವರು. ಅಕ್ಟೋಬರ್ ತಿಂಗಳ ಒಂದು ವಾರಾಂತ್ಯದಲ್ಲಿ ಬೇರೊಂದು ಬಗೆಯ ಜನ ಇಲ್ಲಿಗೆ ಬರುವರು. ಇವರ ಕೊರಳಲ್ಲಿ ದುರ್ಬೀನು, ಕೈಯಲ್ಲಿ ಟಿಪ್ಪಣಿ ಪುಸ್ತಕ, ದೃಷ್ಟಿ ಆಕಾಶದ ಕಡೆಗೆ. ನ್ಯೂಜೆರ್ಸಿ ಆಡುಬಾನ್ ಎಂಬ ನಿಸರ್ಗ ಸಂಸ್ಥೆಯು ಹಲವು ದಶಕಗಳಿಂದ ನಡೆಸಿಕೊಂಡು ಬಂದಿರುವ ಹಕ್ಕಿಹಬ್ಬಕ್ಕೆ ಬಂದವರು ಇವರು. ಮುಂಜಾವದಲ್ಲಿ ಪೊದೆಗಾಡಿನ ಅಂಚಿನಲ್ಲಿ ಸಣ್ಣ ಹಕ್ಕಿಗಳ ವೀಕ್ಷಣೆ, ಹೊತ್ತೇರಿದ ಮೇಲೆ ದೀಪಸ್ತಂಭದ ಬಳಿ ಬೇಟೆಹಕ್ಕಿಗಳ ವೀಕ್ಷಣೆ, ನಡುವೆ ದೋಣಿಯ ಸಂಚಾರ, ಸಂಜೆಗೆ ಉಪನ್ಯಾಸ—ಹೀಗೆ ಸಾಗುವುದು ಹಬ್ಬದ ದಿನಚರಿ.

ಇಷ್ಟು ಜನ ಇಲ್ಲಿಯೇ ಸೇರಲು ಕಾರಣವೇನು? ಹಕ್ಕಿಗಳು ಇಲ್ಲಿಯೇ ಸೇರುವುದು. ಹಕ್ಕಿಗಳಾದರೂ ಇಲ್ಲಿಯೇ ಏಕೆ ಸೇರಬೇಕು?

ಭೂಮಿಯೇ ಒಡ್ಡಿದ ಆಲಿಕೆ

ಶರತ್ಕಾಲದಲ್ಲಿ ಉತ್ತರ ಅಮೆರಿಕದ ಅಸಂಖ್ಯಾತ ಹಕ್ಕಿಗಳು ಚಳಿಗೂ ಆಹಾರದ ಅಭಾವಕ್ಕೂ ಅಂಜಿ ದಕ್ಷಿಣಕ್ಕೆ ವಲಸೆ ಹೊರಡುತ್ತವೆ. ಆ ದಿನಗಳಲ್ಲಿ ಆಗಾಗ ವಾಯವ್ಯ ದಿಕ್ಕಿನಿಂದ ತಂಪಾದ ಒಣಗಾಳಿ ಬೀಸುವುದು. ದಕ್ಷಿಣಕ್ಕೆ ಹೊರಟ ಹಕ್ಕಿಗೆ ಇದು ಹಿಂದಿನಿಂದ ನೂಕುವ ಅನುಕೂಲದ ಗಾಳಿಯೇ ಸರಿ. ಆದರೆ ಅದು ಹಕ್ಕಿಯನ್ನು ಮುಂದಕ್ಕೆ ನೂಕುವುದರ ಜೊತೆಗೆ ಪೂರ್ವಕ್ಕೂ, ಎಂದರೆ ಕರಾವಳಿಯ ಕಡೆಗೂ ಸರಿಸುತ್ತದೆ. ಎದುರಿಗೆ ಸಾಗರ ಕಂಡಾಗ ಹಕ್ಕಿ ದಡವನ್ನೇ ಹಿಡಿದು ದಕ್ಷಿಣಕ್ಕೆ ಸಾಗುವುದು. ನೆಲವೋ ಕಿರಿದಾಗುತ್ತ ಹೋಗುವುದು. ಆಲಿಕೆಯಲ್ಲಿ ಸುರಿದ ನೀರೆಲ್ಲ ಅದರ ಕೊಳವೆಗೆ ಬಂದು ಸೇರುವಂತೆ, ವಿಶಾಲ ಪ್ರದೇಶದ ಹಕ್ಕಿಗಳು ಕೇಪ್ ಮೇ ಮೊನೆಗೆ ಬಂದು ಸೇರುತ್ತವೆ.

ಮುಂದೆ ಕೊಲ್ಲಿಯ ಬಾಯಿ; ಅದರ ಅಗಲ ಹದಿನೈದು ಕಿಲೋಮೀಟರಿಗೂ ಹೆಚ್ಚು. ಗಿಡುಗದಂಥ ಅಗಲ ರೆಕ್ಕೆಯ ಹಕ್ಕಿಗಳಿಗೆ ಇದೊಂದು ದೊಡ್ಡ ಅಡ್ಡಿ. ಬಿಸಿಲಿಗೆ ಕಾದ ನೆಲದಿಂದ ಮೇಲೇಳುವ ಬಿಸಿಗಾಳಿಯನ್ನು ಹಿಡಿದು, ರೆಕ್ಕೆ ಬಡಿಯದೆ ಸುತ್ತುತ್ತ ಮೇಲೇರಿ, ಅಲ್ಲಿಂದ ಜಾರುತ್ತ ಮುಂದೆ ಸಾಗುವುದು ಅವುಗಳ ಪದ್ಧತಿ. ನೀರು ನೆಲದಂತೆ ಬೇಗನೆ ಕಾಯುವುದಿಲ್ಲ. ಅದರ ಮೇಲೆ ಅಂಥ ಗಾಳಿಯ ಆಸರೆ ದೊರೆಯುವುದು ಅಪರೂಪ. ದಾಟಬೇಕಾದರೆ ಉದ್ದಕ್ಕೂ ರೆಕ್ಕೆ ಬಡಿಯಬೇಕು. ದಣಿದರೆ ಕೂರಲು ಕೊಂಬೆಯಿಲ್ಲ. ಆದುದರಿಂದ ಅನೇಕ ಗಿಡುಗಗಳು ಮೊನೆಯ ಮೇಲೆ ಸುತ್ತುತ್ತ ಕಾಲ ಕಳೆಯುತ್ತವೆ. ಕೆಲವು ಕೊಲ್ಲಿಯ ದಡವನ್ನೇ ಹಿಡಿದು ಉತ್ತರಕ್ಕೆ ಮರಳಿ ಕಿರಿದಾದ ಜಾಗವನ್ನು ಹುಡುಕುತ್ತವೆ. ಹೀಗೆ ಬಂದು ಸಿಕ್ಕಿಕೊಳ್ಳುವ ಗಿಡುಗಗಳಲ್ಲಿ ಹೆಚ್ಚಿನವು ಅದೇ ವರ್ಷ ಗೂಡುಬಿಟ್ಟ ಎಳೆಯ ಹಕ್ಕಿಗಳು. ಮೀನು ಹಿಡಿಯುವ ಆಸ್‌ಪ್ರೇ, ವೇಗಕ್ಕೆ ಪ್ರಸಿದ್ಧವಾದ ಪೆರೆಗ್ರಿನ್ ಡೇಗೆ ಮುಂತಾದ ಬಲಿಷ್ಠ ಹಾರಾಟದ ಹಕ್ಕಿಗಳಿಗೆ ಮಾತ್ರ ನೀರಿನ ಭಯ ಅಷ್ಟಾಗಿ ಇಲ್ಲ.

ಸಣ್ಣ ಹಕ್ಕಿಗಳ ಪಾಡು ಬೇರೆ. ಅವುಗಳಲ್ಲಿ ಬಹುಪಾಲು ರಾತ್ರಿಯಲ್ಲಿ ಪ್ರಯಾಣ ಮಾಡುತ್ತವೆ. ಬೆಳಕು ಹರಿದಾಗ ತಾವು ಭೂಶಿರದ ತುದಿಯಲ್ಲೋ ಸಮುದ್ರದ ಮೇಲೋ ಇರುವುದನ್ನು ಕಂಡು, ಕೊಲ್ಲಿಯ ದಡದ ಗುಂಟ ಹಿಂದಿರುಗಿ ಆಹಾರವಿರುವ ಕಾಡನ್ನು ಅರಸುತ್ತವೆ. ದಕ್ಷಿಣಕ್ಕೆ ಹೊರಟ ಹಕ್ಕಿಗಳು ಬೆಳಗಿನ ಹೊತ್ತು ಉತ್ತರಾಭಿಮುಖವಾಗಿ ಹಾರುವ ಈ ವಿಚಿತ್ರವನ್ನು ನೋಡಲೆಂದೇ ಹಬ್ಬಕ್ಕೆ ಬಂದವರು ಹಿಗ್ಬೀ ಕಡಲದಂಡೆಯಲ್ಲಿ ಸೂರ್ಯೋದಯಕ್ಕೆ ಮೊದಲೇ ನಿಂತಿರುವರು.

ಬಂದೂಕಿನಿಂದ ದುರ್ಬೀನಿಗೆ

ಹಕ್ಕಿಗಳು ಇಲ್ಲಿ ಗುಂಪುಗೂಡುವ ಸಂಗತಿಯನ್ನು ಮೊದಲು ಚೆನ್ನಾಗಿ ಬಳಸಿಕೊಂಡವರು ಬೇಟೆಗಾರರು. 1920 ಮತ್ತು 1930ರ ದಶಕಗಳಲ್ಲಿ ಇಲ್ಲಿಯ ರಸ್ತೆಯ ಬದಿಯಲ್ಲಿ ಸಾಲಾಗಿ ನಿಂತು ಗಿಡುಗಗಳನ್ನು ಹೊಡೆದುರುಳಿಸುತ್ತಿದ್ದರು. ಗಿಡುಗವು ಕೋಳಿಮರಿಗಳ ಶತ್ರು, ಹಾಡುಹಕ್ಕಿಗಳ ಶತ್ರು. ಅದನ್ನು ಕೊಲ್ಲುವುದು ಉಪಕಾರವೇ ಎಂಬ ಭಾವನೆ ಆಗ ವ್ಯಾಪಕವಾಗಿತ್ತು. ವಲಸೆ ಹಕ್ಕಿಗಳ ರಕ್ಷಣೆಗೆ ಅಮೆರಿಕವು 1918ರಲ್ಲಿ ಮಾಡಿದ ಕಾನೂನಿನಲ್ಲಿಯೂ ಬೇಟೆಹಕ್ಕಿಗಳಿಗೆ ಸ್ಥಾನವಿರಲಿಲ್ಲ. ಅವು ಆ ರಕ್ಷಣೆಯೊಳಗೆ ಬಂದದ್ದು 1972ರಲ್ಲಿ.

ಅಷ್ಟರಲ್ಲಿ ಬಂದೂಕಿಗಿಂತ ದೊಡ್ಡದಾದ, ಕಣ್ಣಿಗೆ ಕಾಣದ ಆಪತ್ತೊಂದು ಬಂದಿತ್ತು. ಅದನ್ನು ಬಯಲಿಗೆ ತರುವುದರಲ್ಲಿ ಎಣಿಕೆಯ ಪಾತ್ರ ಬಹಳ ದೊಡ್ಡದು. ಪೆನ್ಸಿಲ್ವೇನಿಯಾ ರಾಜ್ಯದ ಹಾಕ್ ಮೌಂಟನ್ ಎಂಬ ಬೆಟ್ಟದಲ್ಲಿಯೂ ಗಿಡುಗಗಳ ಕೊಲೆ ನಡೆಯುತ್ತಿತ್ತು. ರೊಸಾಲಿ ಎಡ್ಜ್ ಎಂಬ ಮಹಿಳೆ 1934ರಲ್ಲಿ ಆ ಬೆಟ್ಟವನ್ನು ಬೇಟೆಹಕ್ಕಿಗಳ ಆಶ್ರಯಧಾಮವನ್ನಾಗಿ ಮಾಡಿದರು. ಅಲ್ಲಿ ನೆಲಸಿದ ಮಾರಿಸ್ ಬ್ರೌನ್ ಹಾದುಹೋಗುವ ಹಕ್ಕಿಗಳನ್ನು ವರ್ಷವರ್ಷವೂ ಎಣಿಸಿ ಬರೆದಿಟ್ಟರು. 1935ರಿಂದ 1939ರವರೆಗೆ ಅಲ್ಲಿ ಕಂಡ ಬಾಲ್ಡ್ ಈಗಲ್ ಹದ್ದುಗಳಲ್ಲಿ ನೂರಕ್ಕೆ 40ರಷ್ಟು ಎಳೆಯವಾಗಿದ್ದುವು. 1955ರಿಂದ 1959ರ ಅವಧಿಯಲ್ಲಿ ಈ ಪ್ರಮಾಣ ನೂರಕ್ಕೆ 20ಕ್ಕೆ ಇಳಿಯಿತು. 1957ರಲ್ಲಂತೂ 32 ಬೆಳೆದ ಹದ್ದುಗಳಿಗೆ ಒಂದೇ ಒಂದು ಎಳೆಯ ಹದ್ದು! ಹದ್ದುಗಳು ಹಾರುತ್ತಿದ್ದುವು, ಆದರೆ ಮರಿಗಳು ಬದುಕಿ ಬರುತ್ತಿರಲಿಲ್ಲ. ರೇಚಲ್ ಕಾರ್ಸನ್ ಅವರು 1962ರ ತಮ್ಮ ಪ್ರಸಿದ್ಧ ಗ್ರಂಥ ‘ಸೈಲೆಂಟ್ ಸ್ಪ್ರಿಂಗ್’ನಲ್ಲಿ ಕೀಟನಾಶಕಗಳ ವಿರುದ್ಧ ಮುಂದಿಟ್ಟ ಸಾಕ್ಷ್ಯಗಳಲ್ಲಿ ಈ ಅಂಕಿಗಳೂ ಸೇರಿದ್ದುವು.

ಡಿ.ಡಿ.ಟಿ.ಯು ಕೀಟದಿಂದ ಸಣ್ಣ ಪ್ರಾಣಿಗೆ, ಅದರಿಂದ ಬೇಟೆಹಕ್ಕಿಗೆ ಸಾಗುತ್ತ ಹಂತಹಂತಕ್ಕೂ ಹೆಚ್ಚುಹೆಚ್ಚಾಗಿ ಶೇಖರವಾಗುವುದು. ಅದರಿಂದ ಉಂಟಾಗುವ ಡಿ.ಡಿ.ಇ. ಎಂಬ ವಸ್ತು ಮೊಟ್ಟೆಯ ಚಿಪ್ಪಿಗೆ ಸುಣ್ಣದ ಅಂಶ ಸಾಕಷ್ಟು ಒದಗದಂತೆ ಮಾಡುವುದು ಎಂದು ಮುಂದೆ ತಿಳಿದುಬಂತು. ತೆಳುವಾದ ಚಿಪ್ಪು ಕಾವಿಗೆ ಕುಳಿತ ತಾಯಿಯ ಭಾರಕ್ಕೇ ಒಡೆಯುತ್ತಿತ್ತು. ಪೆರೆಗ್ರಿನ್ ಡೇಗೆಯಂತೂ 1960ರ ದಶಕದ ಮಧ್ಯಭಾಗಕ್ಕೆ ಪೂರ್ವ ಅಮೆರಿಕದಲ್ಲಿ ಗೂಡು ಕಟ್ಟುವುದೇ ನಿಂತುಹೋಯಿತು. 1972ರಲ್ಲಿ ಅಮೆರಿಕವು ಕೃಷಿಯಲ್ಲಿ ಡಿ.ಡಿ.ಟಿ. ಬಳಕೆಯನ್ನು ನಿಷೇಧಿಸಿತು. ಕೇಪ್ ಮೇಯಲ್ಲಿ ಬೇಟೆಹಕ್ಕಿಗಳ ಕ್ರಮಬದ್ಧ ಎಣಿಕೆ 1976ರಲ್ಲಿ ಆರಂಭವಾಯಿತು. ಸಾಕಿ ಬೆಳೆಸಿದ ಡೇಗೆಗಳನ್ನು ಕಾಡಿಗೆ ಬಿಡುವ ಪ್ರಯತ್ನವೂ ಫಲಿಸಿ, ಪೆರೆಗ್ರಿನ್ 1999ರಲ್ಲಿ ಆ ದೇಶದ ಅಪಾಯಕ್ಕೊಳಗಾದ ಜೀವಿಗಳ ಪಟ್ಟಿಯಿಂದ ಹೊರಬಂತು. ಬಾಲ್ಡ್ ಈಗಲ್ 2007ರಲ್ಲಿ ಹೊರಬಂತು.

ಎಣಿಕೆ ಎಂದರೇನು?

ಸೆಪ್ಟೆಂಬರ್ ಮೊದಲಿನಿಂದ ನವೆಂಬರ್ ಕೊನೆಯವರೆಗೆ ಕೇಪ್ ಮೇ ದೀಪಸ್ತಂಭದ ಬಳಿಯ ಮರದ ಅಟ್ಟಣೆಯ ಮೇಲೆ ನಿಂತು ಪರಿಣತರು ಹಕ್ಕಿಗಳನ್ನು ಎಣಿಸುವರು. ಅವರು ಎಲ್ಲ ಹಕ್ಕಿಗಳನ್ನೂ ಎಣಿಸಿಬಿಡುವರೆಂದು ತಿಳಿಯಬಾರದು. ಎತ್ತರದಲ್ಲಿ ಹಾರಿದವು ಕಣ್ಣು ತಪ್ಪಿಸುತ್ತವೆ; ಗಾಳಿ ಬದಲಾದರೆ ಬರುವ ಹಕ್ಕಿಗಳೂ ಬದಲಾಗುತ್ತವೆ. ಒಂದು ದಿನದ ಅಥವಾ ಒಂದು ವರ್ಷದ ಅಂಕಿಗೆ ಹೆಚ್ಚು ಬೆಲೆಯಿಲ್ಲ. ಅದೇ ಜಾಗದಲ್ಲಿ, ಅದೇ ಕ್ರಮದಲ್ಲಿ, ಎಷ್ಟು ಗಂಟೆ ನೋಡಿದೆವೆಂಬುದನ್ನೂ ಬರೆದಿಟ್ಟುಕೊಂಡು, ದಶಕಗಳ ಕಾಲ ಎಣಿಸಿದಾಗ ಮಾತ್ರ ಗಾಳಿಯ ಏರಿಳಿತದ ಹಿಂದಿರುವ ನಿಜವಾದ ಏರಿಳಿತ ಗೋಚರವಾಗುವುದು.

ಹಾಗೆ ಗೋಚರವಾದುದೆಲ್ಲ ಸಂತೋಷದ ಸಂಗತಿಯಲ್ಲ. ಪೆರೆಗ್ರಿನ್ ಚೇತರಿಸಿಕೊಂಡ ಅದೇ ಕಾಲದಲ್ಲಿ ಅದರ ಪುಟ್ಟ ದಾಯಾದಿಯಾದ ಅಮೆರಿಕದ ಕೆಸ್ಟ್ರೆಲ್ ಕಡಮೆಯಾಗುತ್ತ ಬಂದಿದೆ. ಇದಕ್ಕೆ ಒಂದೇ ಕಾರಣವನ್ನು ತೋರಿಸಲು ವಿಜ್ಞಾನಿಗಳಿಗೆ ಸಾಧ್ಯವಾಗಿಲ್ಲ. ಉತ್ತರ ಅಮೆರಿಕದಲ್ಲಿ 1970ರಿಂದೀಚೆಗೆ ಸುಮಾರು 290 ಕೋಟಿ ಹಕ್ಕಿಗಳು ಕಡಮೆಯಾಗಿವೆಯೆಂದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿತು. ಎಚ್ಚರಿಕೆಯ ಗಂಟೆ ಬಾರಿಸುವುದು ಎಣಿಕೆಯ ಕೆಲಸ. ಕಾರಣ ಹುಡುಕುವುದು ಅನಂತರದ ಕೆಲಸ.

ನಮ್ಮ ವಿದ್ಯಾರ್ಥಿಗಳಿಗೂ ಈ ವಿಷಯ ದೂರದ್ದೇನಲ್ಲ. ಕೇಪ್ ಮೇಯನ್ನು ಹಾದುಹೋಗುವ ಆಸ್‌ಪ್ರೇಯ ಜಾತಿಯದೇ ಹಕ್ಕಿ ಉತ್ತರದ ನಾಡುಗಳಿಂದ ಚಳಿಗಾಲಕ್ಕೆ ಕರ್ನಾಟಕದ ನದಿ, ಜಲಾಶಯಗಳಿಗೂ ಬರುತ್ತದೆ. ‘ಭಾರತದ ಹಕ್ಕಿಗಳ ಸ್ಥಿತಿಗತಿ’ ಎಂಬ 2023ರ ವರದಿಯು 942 ಜಾತಿಯ ಹಕ್ಕಿಗಳನ್ನು ಪರಿಶೀಲಿಸಿ, 178 ಜಾತಿಗಳಿಗೆ ರಕ್ಷಣೆಯಲ್ಲಿ ಹೆಚ್ಚಿನ ಆದ್ಯತೆ ಬೇಕೆಂದು ಹೇಳಿತು. ಆ ವರದಿಗೆ ಆಧಾರವಾದುದು ಸುಮಾರು ಮೂವತ್ತು ಸಾವಿರ ಹಕ್ಕಿವೀಕ್ಷಕರು ಬರೆದಿಟ್ಟ ಟಿಪ್ಪಣಿಗಳು. ಪ್ರತಿ ಫೆಬ್ರುವರಿಯಲ್ಲಿ ನಮ್ಮ ದೇಶದ ಕಾಲೇಜುಗಳ ಆವರಣಗಳಲ್ಲಿಯೂ ಹಕ್ಕಿ ಎಣಿಕೆ ನಡೆಯುತ್ತದೆ. ಅದರಲ್ಲಿ ಪಾಲುಗೊಳ್ಳಲು ಕಡಲತೀರವೂ ಬೇಡ, ಬೆಲೆಬಾಳುವ ಉಪಕರಣವೂ ಬೇಡ. ಹದಿನೈದು ನಿಮಿಷ ಒಂದೆಡೆ ನಿಂತು, ಕಂಡುದನ್ನು ಕಂಡಷ್ಟೇ ಬರೆದು, ಮುಂದಿನ ವರ್ಷವೂ ಅದೇ ಮರದ ಕೆಳಗೆ ಬಂದು ನಿಲ್ಲುವ ತಾಳ್ಮೆಯಿದ್ದರೆ ಸಾಕು.