ಗೋಡೆಯ ಮೇಲಣ ಮುತ್ತುಗ

ಹಳೆಯ ಸಸ್ಯಚಿತ್ರಗಳ ಪ್ರತಿಗಳಿಂದ ಮನೆಯ ಗೋಡೆಯನ್ನು ಸಿಂಗರಿಸುವುದು ಹಲವರಿಗೆ ಪ್ರಿಯವಾದ ಹವ್ಯಾಸ. ನನ್ನ ಓದುವ ಕೋಣೆಯಲ್ಲಿಯೂ ಅಂಥದೊಂದು ಮುತ್ತುಗದ ಚಿತ್ರವಿದೆ. ಕೋರಮಂಡಲ ತೀರದ ಸಸ್ಯಗಳನ್ನು ಕುರಿತು ವಿಲಿಯಂ ರಾಕ್ಸ್‌ಬರ್ಗನು ರಚಿಸಿದ ಗ್ರಂಥದ ಚಿತ್ರವದು. 1795ರಿಂದ 1820ರವರೆಗೆ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಹೊರಬಂದ ಆ ಗ್ರಂಥದಲ್ಲಿ 300 ಚಿತ್ರಫಲಕಗಳಿವೆ. ಮೂಲಚಿತ್ರಗಳನ್ನು ಬರೆದವರು ಭಾರತೀಯ ಕಲಾವಿದರು. ಹೂವಿನ ಬಾಗು, ಎಲೆಯ ನರ ಯಾವುದೂ ಅವರ ಕಣ್ಣಿಗೆ ತಪ್ಪಿಲ್ಲ. ಆದರೆ ಮುಖಪುಟದಲ್ಲಿರುವುದು ರಾಕ್ಸ್‌ಬರ್ಗನ ಹೆಸರು. ಕುಂಚ ಹಿಡಿದ ಕೈಗಳಿಗೆ ಹೆಸರಿಲ್ಲ.

ಅಲಂಕಾರ ಬೇಡವೆನ್ನಲಾರೆ. ಹಳೆಯ ಸಂಪುಟವನ್ನು ಹರಿದು ಮಾರಿದ ಮೂಲ ಹಾಳೆಗಿಂತ ಹೊಸ ಅಚ್ಚಿನ ಪ್ರತಿಯೇ ಲೇಸು, ಗ್ರಂಥವಾದರೂ ಉಳಿದೀತು. ಚಿತ್ರವನ್ನು ತೂಗುಹಾಕುವವರು ಚೌಕಟ್ಟಿನ ಕೆಳಗೆ ಗಿಡದ ಕನ್ನಡದ ಹೆಸರನ್ನು ಬರೆಯಲಿ. ಅದರ ಪಕ್ಕದಲ್ಲಿ ‘ಹೆಸರು ತಿಳಿಯದ ಚಿತ್ರಕಾರ’ ಎಂದೂ ಬರೆಯಲಿ. ಆ ಕಲಾವಿದನಿಗೆ ಸಲ್ಲಬೇಕಾದ ಋಣದಲ್ಲಿ ಅಷ್ಟಾದರೂ ಸಂದೀತು.