ನಿಮಗಿದು ಗೊತ್ತೆ? ಅಭಿಮಾನಿಗೂ ಒಂದು ಮತ!

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆ ಆರ್‌ಸಿಬಿ ಅಭಿಮಾನಿಗಳಿಗೇನೂ ಬರವಿಲ್ಲ. ಆದರೆ ತಂಡ ಕಂಪನಿಯ ಸ್ವತ್ತು. ಎಷ್ಟೇ ಕೂಗಿದರೂ ಅಭಿಮಾನಿಗೆ ಅಲ್ಲಿ ಮತವಿಲ್ಲ.

ಆಸ್ಟ್ರೇಲಿಯಾದ ರಗ್ಬಿ ಲೀಗ್‌ನಲ್ಲಿ ಹೀಗಲ್ಲದ ಒಂದು ಕ್ಲಬ್ ಇದೆ. 1908ರಲ್ಲಿ ಹುಟ್ಟಿದ ಸೌತ್ ಸಿಡ್ನಿಯನ್ನು 1999ರ ಕೊನೆಗೆ ಲೀಗ್‌ನಿಂದ ಹೊರಹಾಕಿದಾಗ ಸಾವಿರಾರು ಅಭಿಮಾನಿಗಳು ಬೀದಿಗಿಳಿದರು. ಕ್ಲಬ್ ಕೋರ್ಟ್ ಮೆಟ್ಟಿಲೇರಿತು. 2002ರಲ್ಲಿ ತಂಡ ಮತ್ತೆ ಕಣಕ್ಕಿಳಿಯಿತು. 2006ರಲ್ಲಿ ನಟ ರಸೆಲ್ ಕ್ರೋ ಮತ್ತು ಉದ್ಯಮಿಯೊಬ್ಬರು ಶೇ 75ರಷ್ಟು ಪಾಲು ಕೊಂಡರು, ಅದೂ ಸದಸ್ಯರು ಮತ ಹಾಕಿ ಒಪ್ಪಿದ ಮೇಲೆ. ಉಳಿದ ಶೇ 25 ಸದಸ್ಯರದ್ದೇ. ಆಮೇಲೆ ಸದಸ್ಯತ್ವ ಏರುತ್ತಲೇ ಹೋಯಿತು. 2014ರಲ್ಲಿ, 43 ವರ್ಷಗಳ ನಂತರ, ಪ್ರಶಸ್ತಿಯೂ ಬಂತು.

ನಮ್ಮಲ್ಲಿ? ಫುಟ್‌ಬಾಲ್ ತಂಡ ಬೆಂಗಳೂರು ಎಫ್‌ಸಿ ಶುರುವಾದ 2013ರಲ್ಲೇ ಪಶ್ಚಿಮ ಗ್ಯಾಲರಿಯ ಪ್ರೇಕ್ಷಕರು ‘ವೆಸ್ಟ್ ಬ್ಲಾಕ್ ಬ್ಲೂಸ್’ ಕಟ್ಟಿಕೊಂಡರು. ಡೋಲು, ಹಾಡು, ಬ್ಯಾನರ್ ಎಲ್ಲ ಅವರದೇ. ಮಾಲೀಕತ್ವ ಮಾತ್ರ ಕಂಪನಿಯದು.

ಮತ ಬೇಕೆಂದರೆ ಊರಿನ ಕಬಡ್ಡಿ ತಂಡವೇ ವಾಸಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ 7 ಜನ ಸೇರಿದರೆ ಯುವಕ ಸಂಘ ನೋಂದಾಯಿಸಬಹುದು. ಚಂದಾ ಬಾಕಿ ಉಳಿಸಿಕೊಳ್ಳದ ಸದಸ್ಯ ಸಭೆಯಲ್ಲಿ ಕೈ ಎತ್ತಬಹುದು.