ಐಟಿಐ ಪ್ರಾಚಾರ್ಯರಿಗೆ ಲೆಕ್ಕಪತ್ರದ ಅರಿವೂ ಅಗತ್ಯ

ಕೈಗಾರಿಕಾ ತರಬೇತಿ ಸಂಸ್ಥೆಯನ್ನು ಮುನ್ನಡೆಸಲು ಯಂತ್ರಗಳ ಜ್ಞಾನವಷ್ಟೇ ಸಾಕೆಂಬ ಭಾವನೆ ಹಲವರಲ್ಲಿದೆ. 1,396 ಸರ್ಕಾರಿ ಐಟಿಐಗಳನ್ನು ಖಾಸಗಿ ಸಹಭಾಗಿತ್ವದಲ್ಲಿ ಮೇಲ್ದರ್ಜೆಗೇರಿಸಲು ಕೇಂದ್ರ ಸರ್ಕಾರವು 2007-08ರಲ್ಲಿ ಆರಂಭಿಸಿದ ಯೋಜನೆಯು ಈ ಭಾವನೆಯನ್ನು ಅಲ್ಲಗಳೆಯುತ್ತದೆ. ಅದರನ್ವಯ ಉದ್ಯಮಿಯೊಬ್ಬರ ಅಧ್ಯಕ್ಷತೆಯಲ್ಲಿ ನಿರ್ವಹಣಾ ಸಮಿತಿ ರಚನೆಯಾಯಿತು. ಪ್ರಾಚಾರ್ಯರು ಅದರ ಕಾರ್ಯದರ್ಶಿಯಾದರು. ಸಮಿತಿಗೆ 2.5 ಕೋಟಿ ರೂ.ವರೆಗೆ ಬಡ್ಡಿರಹಿತ ಸಾಲ ದೊರೆಯಿತು. ಮೊದಲ 10 ವರ್ಷ ವಿನಾಯಿತಿ, ಅನಂತರ 20 ವರ್ಷಗಳ ಸಮ ಕಂತುಗಳಲ್ಲಿ ಮರುಪಾವತಿ.

ಬಡ್ಡಿಯಿಲ್ಲವೆಂದ ಮಾತ್ರಕ್ಕೆ ಸಾಲವು ಅನುದಾನವಾಗದು. ಪೂರ್ಣ ಮೊತ್ತ ಪಡೆದ ಸಮಿತಿಯು ವರ್ಷಕ್ಕೆ 12.5 ಲಕ್ಷ ರೂ. ಹೊಂದಿಸಲೇಬೇಕು. ಆದ್ದರಿಂದ ಬಂಡವಾಳ ವೆಚ್ಚಕ್ಕೂ ದೈನಂದಿನ ವೆಚ್ಚಕ್ಕೂ ಇರುವ ಅಂತರ, ಯಂತ್ರಗಳ ಸವಕಳಿ, ಕಂತಿಗಾಗಿ ಮೀಸಲು ನಿಧಿ - ಇವು ಪ್ರಾಚಾರ್ಯರಿಗೆ ತಿಳಿದಿರಬೇಕು.

ಎರಡನೆಯದು ಸ್ಥಳೀಯ ಬೇಡಿಕೆಯ ಅರಿವು. ಸುತ್ತಲಿನ ಕಾರ್ಖಾನೆಗಳು ಸಿಎನ್‌ಸಿ ಯಂತ್ರಗಳಿಗೆ ಬದಲಾದ ಮೇಲೂ ಹಳೆಯ ಲೇತ್‌ನಲ್ಲಷ್ಟೇ ಪಳಗಿದ ಹುಡುಗನಿಗೆ ಕೆಲಸ ಸಿಗುವುದು ಕಷ್ಟ.

ಮೂರನೆಯದು ಕಾನೂನಿನ ತಿಳಿವಳಿಕೆ. 1961ರ ಅಪ್ರೆಂಟಿಸ್ ಕಾಯ್ದೆಯಡಿಯ ನಿಯಮಗಳಿಗೆ 2019ರಲ್ಲಿ ಆದ ತಿದ್ದುಪಡಿಯಂತೆ, 30 ಅಥವಾ ಹೆಚ್ಚು ಸಿಬ್ಬಂದಿಯುಳ್ಳ ಘಟಕಗಳು ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ನೇಮಿಸಿಕೊಳ್ಳಬೇಕು. ಗುತ್ತಿಗೆ ನೌಕರರೂ ಈ ಲೆಕ್ಕಕ್ಕೆ ಸೇರುತ್ತಾರೆ. ಇದನ್ನರಿತ ಪ್ರಾಚಾರ್ಯರು ಉದ್ಯಮಿಯ ಬಾಗಿಲಿಗೆ ಯಾಚಕರಾಗಿ ಹೋಗಬೇಕಿಲ್ಲ.

ಸಮಿತಿಯ ಅಧ್ಯಕ್ಷಪೀಠದಲ್ಲಿರುವವರು ಉದ್ಯಮಿಗಳೇ. ಅವರು ನಡಾವಳಿಗೆ ಸಹಿ ಹಾಕುವ ಮುನ್ನ ಜಮಾ-ಖರ್ಚಿನ ಪಟ್ಟಿಯನ್ನು ಓದಿದರೆ, ಸಾಲವೂ ತೀರುತ್ತದೆ, ನುರಿತ ಕೈಗಳೂ ದೊರೆಯುತ್ತವೆ.